ಕಾರ್ಯಬಾಹುಳ್ಯವೂ ವ್ರತಪಾಲನೆಯೂ

ಫಾಲ್ಗುಣ ಬಹುಳ ಚತುರ್ಥಿಯು ಶ್ರೀವ್ಯಾಸರಾಜಯತಿಗಳ ಆರಾಧನೆಯ ಪುಣ್ಯದಿನ. ಅದರ ಮರುದಿನವೇ ರಂಗಪಂಚಮಿ. ನಮ್ಮ ಧಾರವಾಡ ಸೀಮೆಯಲ್ಲಿ ಆಬಾಲವೃದ್ಧರೂ ಬಣ್ಣದ ಆಟಕ್ಕಾಗಿ ಕಾದಿರುವ ದಿನ. ಇದೇ ಹೊತ್ತಿಗೆ ಸೊಸಾಯಿಟಿಯ ಬೆಳೆಸಾಲವನ್ನು ಕಟ್ಟುವ ಅವಧಿಯೂ ಸಮೀಪಿಸಿರುತ್ತದೆ. ಹತ್ತನೆಯ ಇಯತ್ತೆಯ ಮಕ್ಕಳಿಗೆ ಪರೀಕ್ಷೆಯ ಚಿಂತೆ, ಹಿರಿಯರಿಗೆ ಮುಂಬರುವ ಲಗ್ನಸರಾಯಿಯ ಚಿಂತೆ, ಲೆಕ್ಕಪತ್ರ ಬರೆಯುವವರಿಗೆ ಮಾರ್ಚ್ ಅಖೈರಿನ ಚಿಂತೆ. ಬಮ್ಮಿಗಟ್ಟಿಯಂತಹ ಊರಿನಲ್ಲಿ ಒಬ್ಬನೇ ಮನುಷ್ಯನು ರೈತನೂ ಹೌದು, ಸೊಸಾಯಿಟಿಯ ಪಂಚನೂ ಹೌದು, ಗುಡಿಯ ಸೇವೆಗೆ ನಿಲ್ಲುವವನೂ ಹೌದು. ಆರಾಧನೆಯ ದಿನ ಪಂಕ್ತಿಯಲ್ಲಿ ಕುಳಿತವರ ಮಾತನ್ನು ಕೇಳಿದರೆ, ಅರ್ಧದಷ್ಟು ಜನರ ಮನಸ್ಸು ಬೇರೆ ಬೇರೆ ಕಡೆ ಹರಿದಿರುವುದು ತಿಳಿಯುತ್ತದೆ. ಇದನ್ನು ದೋಷವೆಂದು ಎಣಿಸಿ ನಾವು ಇಲ್ಲಿ ಹೇಳುತ್ತಿಲ್ಲ. ಆರಾಧನೆಗೊಳ್ಳುವ ಯತಿಗಳ ಜೀವನವೂ ಬಹು ಕಾರ್ಯಗಳ ನಡುವೆಯೇ ಸಾಗಿತು. ಆದಕಾರಣ ಈ ಪ್ರಶ್ನೆಯನ್ನು ವಿಚಾರ ಮಾಡಲು ಆ ದಿನಕ್ಕಿಂತ ತಕ್ಕ ದಿನ ಬೇರೊಂದಿಲ್ಲ.

ಪ್ರಶ್ನೆ ಇದು: ಕೈಯಲ್ಲಿ ಹತ್ತು ಕೆಲಸಗಳನ್ನು ಹಿಡಿದವನು ತನ್ನ ಒಂದು ವ್ರತವನ್ನು ಕೆಡದಂತೆ ಕಾಯುವುದು ಹೇಗೆ?

ಇದಕ್ಕೆ ಲೋಕದಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಕೆಲಸ ಹೆಚ್ಚಾಯಿತು, ಆದ್ದರಿಂದ ಸಂಧ್ಯಾವಂದನೆ, ಪಾರಾಯಣ, ಏಕಾದಶಿಗಳೆಲ್ಲ ಕೈತಪ್ಪಿದವು ಎನ್ನುವವರು ಒಂದು ಪಕ್ಷ. ನಿಯಮಕ್ಕೆ ಧಕ್ಕೆ ಬಂದೀತು, ಆದ್ದರಿಂದ ಊರ ಉಸಾಬರಿಯೇ ನಮಗೆ ಬೇಡ ಎನ್ನುವವರು ಇನ್ನೊಂದು ಪಕ್ಷ. ಮೊದಲನೆಯವರು ವ್ರತವನ್ನು ಬಿಟ್ಟು ಕಾರ್ಯವನ್ನು ಉಳಿಸಿಕೊಂಡರು. ಎರಡನೆಯವರು ಕಾರ್ಯವನ್ನು ಬಿಟ್ಟು ವ್ರತವನ್ನು ಉಳಿಸಿಕೊಂಡೆವೆಂದು ಭಾವಿಸಿದರು. ಎರಡನೆಯ ಪಕ್ಷಕ್ಕೆ ನಮ್ಮಲ್ಲಿ ಗೌರವ ಹೆಚ್ಚು. ಆದರೆ ಆ ಗೌರವಕ್ಕೆ ಅದು ಎಷ್ಟರಮಟ್ಟಿಗೆ ಅರ್ಹವೆಂಬುದು ನಮಗೆ ಸಂದೇಹ. ಕೆರೆಯ ಹೂಳು ತೆಗೆಯುವ ದಿನ ಬಾಗಿಲು ಮುಚ್ಚಿ ಜಪಕ್ಕೆ ಕುಳಿತವನ ಜಪದ ಫಲವೇನೆಂದು ಶಾಸ್ತ್ರಜ್ಞರನ್ನೇ ಕೇಳಬೇಕು.

ಅರ್ಚಕರ ಮನೆತನಗಳಲ್ಲಂತೂ ಇದು ಹೊಟ್ಟೆಯ ಪ್ರಶ್ನೆಯೂ ಆಗಿದೆ. 1974ರ ಭೂಸುಧಾರಣೆಯ ತರುವಾಯ ಇನಾಮು ಜಮೀನಿನ ಆಸರೆ ಅನೇಕ ಮನೆಗಳಿಗೆ ತಪ್ಪಿತು. ಉಳುವವನಿಗೆ ಹೊಲ ದೊರೆತದ್ದು ನ್ಯಾಯವೇ. ಆದರೆ ಅಂದಿನಿಂದ ಪೂಜೆಯ ಮನೆಯ ಮಗನು ಬೆಳಗ್ಗೆ ಅಭಿಷೇಕ ಮಾಡಿ, ಹತ್ತು ಗಂಟೆಗೆ ಶಾಲೆಗೋ ಕಚೇರಿಗೋ ಹೋಗಿ, ಸಂಜೆ ವಿಮೆಯ ಕಾಗದಗಳನ್ನು ತುಂಬಿಸಿ, ರಜೆಯ ದಿನ ಪೌರೋಹಿತ್ಯಕ್ಕೆ ನಡೆಯಬೇಕಾಯಿತು. ನಾಲ್ಕು ಕೆಲಸ ಮಾಡುತ್ತಾನೆಂದು ಅವನನ್ನು ಆಡಿಕೊಳ್ಳುವವರಿದ್ದಾರೆ. ನಾಲ್ಕು ಕೆಲಸ ಮಾಡುವುದರಲ್ಲಿ ಹೀನತೆ ಏನೂ ಇಲ್ಲ. ನೋಡಬೇಕಾದದ್ದು ಆ ನಾಲ್ಕಕ್ಕೂ ಒಡೆಯನು ಒಬ್ಬನೋ, ನಾಲ್ವರೋ ಎಂಬುದನ್ನು.

ಇದನ್ನು ಅಳೆಯುವ ಕೋಲು ನಮ್ಮ ನಿತ್ಯಾನುಷ್ಠಾನದಲ್ಲಿಯೇ ಇದೆ. ಯಾವ ಕರ್ಮಕ್ಕೂ ಮೊದಲು ಸಂಕಲ್ಪ, ಕೊನೆಗೆ ಕೃಷ್ಣಾರ್ಪಣ. ಸಂಕಲ್ಪದಲ್ಲಿ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳುತ್ತೇವೆ. ನಿಂತ ನೆಲ ಯಾವುದೆಂದು ಹೇಳುತ್ತೇವೆ. ಯಾರ ಪ್ರೇರಣೆಯಿಂದ, ಯಾರ ಪ್ರೀತಿಗಾಗಿ, ಏನನ್ನು ಮಾಡುತ್ತೇವೆಂದು ಬಾಯಿಬಿಟ್ಟು ಹೇಳುತ್ತೇವೆ. ಒಂದು ದಸ್ತಾವೇಜಿನಲ್ಲಿ ಇರಬೇಕಾದುದೆಲ್ಲವೂ ಅದರಲ್ಲಿದೆ: ತಾರೀಖು, ಸ್ಥಳ, ಬರೆದುಕೊಡುವವನು, ಉದ್ದೇಶ. ಅರ್ಪಣವಾದರೋ ಹಕ್ಕುಬಿಟ್ಟ ಪತ್ರ. ಪೂಜೆಗೆ ಮಾತ್ರ ಈ ಎರಡನ್ನು ಇಟ್ಟುಕೊಂಡು ಉಳಿದ ಕೆಲಸಗಳಿಗೆ ನಾವು ಬಿಟ್ಟಿದ್ದೇವೆ. ಶ್ರೀಮದಾಚಾರ್ಯರ ಗೀತಾವ್ಯಾಖ್ಯಾನದ ದಾರಿಯಲ್ಲಿ ನೋಡಿದರೆ, ಸ್ವಧರ್ಮದಿಂದ ಬಂದ ಕರ್ಮವೆಲ್ಲವೂ ಭಗವಂತನ ಪೂಜೆಯೇ. ಹಾಗಿರುವಾಗ ಹೊಲದ ಕೆಲಸಕ್ಕೂ ಕಚೇರಿಯ ಕೆಲಸಕ್ಕೂ ಸಂಕಲ್ಪ ಏಕೆ ಬೇಡ?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬನು ಗುಡಿಯ ಖಜಾಂಚಿ. ಅವನದೇ ಬೀಜ-ಗೊಬ್ಬರದ ಅಂಗಡಿಯೂ ಇದೆ. ಮುಂಗಾರಿನ ಮುಂದೆ ಗುಡಿಯ ಹಣವನ್ನು ಹದಿನೈದು ದಿನ ಅಂಗಡಿಗೆ ತಿರುಗಿಸಿ, ಮತ್ತೆ ತುಂಬಿಬಿಟ್ಟರೆ ಯಾರಿಗೂ ನಷ್ಟವಿಲ್ಲ. ಆದರೆ ದೇವರ ಮುಂದೆ ನಿಂತು, ತಿಥಿ ವಾರ ಸಹಿತವಾಗಿ, ಇಂಥ ಕರ್ಮವನ್ನು ಇಂಥವನ ಪ್ರೀತಿಗಾಗಿ ಮಾಡುತ್ತೇನೆಂದು ಅದಕ್ಕೆ ಸಂಕಲ್ಪ ಹೇಳಲು ಅವನ ನಾಲಗೆ ಏಳುವುದೇ? ಏಳಲಾರದು. ಅಂಗಡಿ ನಡೆಸುವುದಕ್ಕೆ ಸಂಕಲ್ಪ ಹೇಳಬಹುದು, ಖಜಾಂಚಿಯ ಕೆಲಸಕ್ಕೂ ಹೇಳಬಹುದು. ಎರಡನ್ನೂ ಒಂದೇ ಚೀಲಕ್ಕೆ ಸುರಿಯುವುದಕ್ಕೆ ಹೇಳಲಾಗದು. ಅವನ ವ್ರತಕ್ಕೆ ಭಂಗ ತಂದದ್ದು ಸಂಕಲ್ಪವಿಲ್ಲದೆ ನುಸುಳಿಬಂದ ಆ ಮೂರನೆಯ ಕೆಲಸ. ಎರಡು ಕೆಲಸಗಳನ್ನು ಹೊತ್ತದ್ದಲ್ಲ.

ಇನ್ನು ಶ್ರೀವ್ಯಾಸರಾಜರ ಚರಿತ್ರೆಗೆ ಬರೋಣ. ಅವರ ಕಾಲ ಕ್ರಿ. ಶ. 1460ರಿಂದ 1539. ಜನ್ಮಸ್ಥಳ ಮೈಸೂರು ಸೀಮೆಯ ಬನ್ನೂರು. ಆಶ್ರಮ ಕೊಟ್ಟವರು ಅಬ್ಬೂರಿನ ಬ್ರಹ್ಮಣ್ಯತೀರ್ಥರು, ವಿದ್ಯೆ ಕೊಟ್ಟವರು ಮುಳಬಾಗಿಲಿನ ಶ್ರೀಪಾದರಾಜರು. ಸಮಕಾಲೀನನಾದ ಸೋಮನಾಥ ಕವಿಯು ಸಂಸ್ಕೃತದಲ್ಲಿ ಬರೆದ ವ್ಯಾಸಯೋಗಿಚರಿತವು 1926ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಮೇಲೆ, ಅಲ್ಲಿಯವರೆಗೆ ಹರಿಕಥೆಗಳಲ್ಲಿ ಮಾತ್ರ ಕೇಳುತ್ತಿದ್ದ ಅನೇಕ ಸಂಗತಿಗಳಿಗೆ ಬರೆಹದ ಆಧಾರ ದೊರೆಯಿತು. ಚಂದ್ರಗಿರಿಯಲ್ಲಿ ಸಾಳುವ ನರಸಿಂಹನ ಆಸ್ಥಾನ, ಆಮೇಲೆ ವಿಜಯನಗರ, ಅಲ್ಲಿ 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಭಕ್ತಿ, ಅವನ ಅನಂತರ ಅಚ್ಯುತರಾಯನ ಕಾಲ. ಹೀಗೆ ಅರಸರು ಬದಲಾದರು; ಯತಿಗಳು ಬದಲಾಗಲಿಲ್ಲ.

ಅವರ ಕೈಯಲ್ಲಿ ಏನೇನಿತ್ತು? ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕೆ ಎಂಬ ಮೂರು ಮಹಾಗ್ರಂಥಗಳ ರಚನೆ. ಶಿಷ್ಯರಿಗೆ ಪಾಠ. ಮಠದ ಆಡಳಿತ. ರಾಜಸಭೆಯಲ್ಲಿ ವಾದ. ಕೆರೆಯ ನಿರ್ಮಾಣ. ತಿರುಮಲೆಯಲ್ಲಿ ನೈವೇದ್ಯಾದಿ ಸೇವೆಗಳ ಏರ್ಪಾಡು; 1524ರ ಶಾಸನಗಳು ಇದನ್ನು ಹೇಳುತ್ತವೆ. ಹಂಪೆಯ ಯಂತ್ರೋದ್ಧಾರಕ ಪ್ರಾಣದೇವರು ಮೊದಲಾಗಿ ನಾಡಿನ ತುಂಬ 732 ಪ್ರಾಣಪ್ರತಿಷ್ಠೆಗಳನ್ನು ಮಾಡಿದರೆಂದು ಪರಂಪರೆಯ ಎಣಿಕೆ. ಇವೆಲ್ಲದರ ನಡುವೆ ಶ್ರೀಕೃಷ್ಣ ಎಂಬ ಅಂಕಿತದಲ್ಲಿ ಕನ್ನಡ ಪದಗಳ ರಚನೆ. ಇಷ್ಟರ ಮೇಲೆ ಯತಿಯ ನಿತ್ಯ ಆಹ್ನಿಕ: ಸ್ನಾನ, ಜಪ, ಸಂಸ್ಥಾನಪೂಜೆ, ಪಾಠ. ಈ ಕೊನೆಯದನ್ನು ನಾವು ಮರೆತುಬಿಡುತ್ತೇವೆ. ಸಂಸ್ಥಾನಪೂಜೆಯೊಂದಕ್ಕೇ ದಿನದ ಎಷ್ಟು ಹೊತ್ತು ಬೇಕೆಂಬುದನ್ನು ಮಠದಲ್ಲಿ ನಿಂತು ನೋಡಿದವರು ಬಲ್ಲರು.

ಸಿಂಹಾಸನದ ಕಥೆ ಎಲ್ಲರಿಗೂ ಪರಿಚಿತ. ಕೃಷ್ಣದೇವರಾಯನಿಗೆ ಕುಹುಯೋಗದ ಗಂಡಾಂತರ ಒದಗಿದಾಗ, ಆ ಹೊತ್ತು ಯತಿಗಳೇ ಸಿಂಹಾಸನವನ್ನು ಏರಿ ಅರಸನನ್ನು ಉಳಿಸಿದರೆಂದು ಸಂಪ್ರದಾಯ ಹೇಳುತ್ತದೆ. ಹರಿಕಥೆಯಲ್ಲಿ ಏರಿದ್ದನ್ನು ವರ್ಣಿಸುತ್ತಾರೆ. ನಮಗೆ ಮುಖ್ಯವಾಗಿ ಕಾಣುವುದು ಅವರು ಇಳಿದದ್ದು. ಯೋಗ ಕಳೆದ ಕೂಡಲೇ ಆ ಕಾರ್ಯ ಮುಗಿಯಿತು. ಯಾವುದಕ್ಕಾಗಿ ಏರಿದರೋ ಅದು ಸಿದ್ಧಿಸಿದ ಮೇಲೆ ಅಲ್ಲಿ ಕೂಡಲು ಸಂಕಲ್ಪವಿಲ್ಲ. ತಿರುಮಲೆಯ ವಿಷಯದಲ್ಲಿಯೂ ಹೀಗೆಯೇ. ಅಲ್ಲಿ ಅವರು ಹನ್ನೆರಡು ವರ್ಷ ಶ್ರೀನಿವಾಸನ ಪೂಜೆಯನ್ನು ನಡೆಸಿ, ಅರ್ಚಕ ವಂಶದ ಬಾಲಕನು ಯೋಗ್ಯ ವಯಸ್ಸಿಗೆ ಬಂದಾಗ ಅದನ್ನು ಅವನಿಗೆ ಒಪ್ಪಿಸಿ ಹೊರಟರೆಂದು ನಮ್ಮವರು ಹೇಳುತ್ತ ಬಂದಿದ್ದಾರೆ. ಇದರ ವಿವರಗಳಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆದರೆ ಪರಂಪರೆಯು ತನ್ನ ಗುರುಗಳ ಕಥೆ ಹೇಳುವಾಗ ಎರಡು ಸಲವೂ ಬಿಟ್ಟುಕೊಟ್ಟದ್ದನ್ನೇ ನೆನಪಿಟ್ಟುಕೊಂಡಿತೆಂಬುದು ಗಮನಿಸತಕ್ಕ ಮಾತು. ಇಂದು ಒಂದು ಟ್ರಸ್ಟಿನ ಅಧ್ಯಕ್ಷಗಿರಿಯನ್ನು ಬಿಡಿಸಲು ಎಷ್ಟು ಸಭೆಗಳು ಬೇಕಾಗುತ್ತವೆ!

ಕೆರೆಯ ಮಾತು ಪರಂಪರೆಯದಷ್ಟೇ ಅಲ್ಲ, ತಾಮ್ರಪಟದ್ದೂ ಹೌದು. ಇಂದಿನ ಆಂಧ್ರದ ಮದನಪಲ್ಲಿಯ ಕಡೆ ವ್ಯಾಸಸಮುದ್ರವೆಂಬ ಕೆರೆಯಿದೆ. ಕೃಷ್ಣದೇವರಾಯನು ಶಕ 1447ರಲ್ಲಿ ಹೊರಡಿಸಿದ ತಾಮ್ರಶಾಸನವು ಬೆಟ್ಟಕೊಂಡವೆಂಬ ಗ್ರಾಮವನ್ನು ವ್ಯಾಸತೀರ್ಥರಿಗೆ ದಾನವಾಗಿ ಕೊಟ್ಟದ್ದನ್ನು ಹೇಳುತ್ತದೆ. ಯತಿಗಳು ಅದನ್ನು ಇಟ್ಟುಕೊಳ್ಳಲಿಲ್ಲ; ಪಾಲು ಮಾಡಿ ವಿದ್ವಾಂಸರಾದ ಬ್ರಾಹ್ಮಣರಿಗೆ ಹಂಚಿದರು. ಕಾಷಾಯ ಧರಿಸಿದವರಿಗೆ ಗ್ರಾಮವೇಕೆ, ಕೆರೆಯ ಮಣ್ಣು ಹೊರಿಸುವ ಕೆಲಸವೇಕೆ ಎಂದು ಆಕ್ಷೇಪಿಸಬಹುದು. ಗ್ರಾಮ ಬಂದ ದಾರಿಯನ್ನಷ್ಟೇ ನೋಡಿದರೆ ಆಕ್ಷೇಪ ಸರಿ. ಹೋದ ದಾರಿಯನ್ನೂ ನೋಡಿದರೆ ನಿಲ್ಲುವುದಿಲ್ಲ. ಮಳೆ ಕಡಿಮೆಯಾದ ಸೀಮೆಯಲ್ಲಿ ನೀರಿಲ್ಲದೆ ಅಗ್ರಹಾರ ನಿಲ್ಲದು, ಅಗ್ರಹಾರವಿಲ್ಲದೆ ಪಾಠ ನಡೆಯದು. ನ್ಯಾಯಾಮೃತದ ಪಾಠಕ್ಕೂ ವ್ಯಾಸಸಮುದ್ರದ ಕಟ್ಟೆಗೂ ಸಂಬಂಧವಿತ್ತು. ಹೊರಗಿನಿಂದ ನೋಡುವವರಿಗೆ ಅವು ಎರಡು ಕಾರ್ಯ, ಅವರಿಗೆ ಒಂದೇ.

ನ್ಯಾಯಾಮೃತದಲ್ಲಿ ನಾವು ಕಲಿಯಬೇಕಾದ ಇನ್ನೊಂದು ಅಂಶವಿದೆ. ವಿಜಯನಗರದ ಆಸ್ಥಾನವು ಎಲ್ಲ ಮತದವರ ಆಸ್ಥಾನ, ವಿರೂಪಾಕ್ಷನ ಊರು. ಶ್ರೀವೈಷ್ಣವರು ಪ್ರಬಲರು, ಅದ್ವೈತಿಗಳೂ ಇದ್ದರು. ರಾಜಗುರುವಿನ ಮರ್ಯಾದೆ ಪಡೆದವರು ಇಂತಹ ಕಡೆ ತಮ್ಮ ಸಿದ್ಧಾಂತವನ್ನು ಸ್ವಲ್ಪ ಮೆತ್ತಗೆ ಮಾಡಿಕೊಂಡಿದ್ದರೆ ಲೌಕಿಕವಾಗಿ ಅನುಕೂಲವಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಅಧಿಕಾರವಿದೆಯೆಂದು ಎದುರು ಪಕ್ಷವನ್ನು ಹೀಗಳೆಯಲೂ ಇಲ್ಲ. ಪೂರ್ವಪಕ್ಷವನ್ನು ಅವರ ಆಕರಗ್ರಂಥಗಳಿಂದಲೇ ಎತ್ತಿ, ಅದರ ಪೂರ್ಣ ಬಲದೊಡನೆ ನಿಲ್ಲಿಸಿ, ಅನಂತರ ಖಂಡಿಸಿದರು. ಆ ಗ್ರಂಥದ ಗಟ್ಟಿತನಕ್ಕೆ ಸಾಕ್ಷಿ ಎದುರು ಪಕ್ಷದವರೇ. ಮಧುಸೂದನ ಸರಸ್ವತಿಗಳು ಅದಕ್ಕೆ ಉತ್ತರವಾಗಿ ಅದ್ವೈತಸಿದ್ಧಿಯನ್ನು ಬರೆದರು. ಅದಕ್ಕೆ ಪ್ರತ್ಯುತ್ತರವಾಗಿ ವ್ಯಾಸರಾಮಾಚಾರ್ಯರ ತರಂಗಿಣಿ ಹುಟ್ಟಿತು. ತರ್ಕತಾಂಡವದಲ್ಲಿಯೂ ಅಷ್ಟೇ: ನವ್ಯನ್ಯಾಯವನ್ನು ಅದರ ಪರಿಭಾಷೆಯಲ್ಲಿಯೇ ಎದುರಿಸಿದ್ದಾರೆ. ಬಹಳ ಕೆಲಸದ ಮನುಷ್ಯನು ಮೊದಲು ಕದಿಯುವುದು ಇಂತಹ ಕಡೆಯಲ್ಲಿಯೇ. ಎದುರಿನವರ ಪುಸ್ತಕವನ್ನು ಓದಲು ಅವನಿಗೆ ಪುರಸತ್ತಿಲ್ಲ. ಕೇಳಿದ ಮಾತಿನ ಮೇಲೆ ತೀರ್ಪು ಕೊಡುತ್ತಾನೆ.

ಕನಕದಾಸರ ಬಾಳೆಹಣ್ಣಿನ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಮ್ಮ ಹಾವೇರಿ ಸೀಮೆಯ ಕಾಗಿನೆಲೆಯ ಆ ಭಕ್ತರ ಕಥೆಯನ್ನು ಅರಿಯದ ಮಕ್ಕಳಿಲ್ಲ. ಯಾರೂ ನೋಡದ ಕಡೆ ಹಣ್ಣು ತಿನ್ನಿರೆಂದು ಗುರುಗಳು ಹೇಳಿದಾಗ, ಅಂತಹ ಜಾಗ ಸಿಗಲಿಲ್ಲವೆಂದು ಹಣ್ಣನ್ನು ಹಿಂದಕ್ಕೆ ತಂದವರು ಅವರೊಬ್ಬರೇ. ಕನಕದಾಸರ ಉತ್ತರವನ್ನು ಎಲ್ಲರೂ ಮೆಚ್ಚುತ್ತಾರೆ. ಪ್ರಶ್ನೆ ಹಾಕಿದವರ ಕಡೆಗೂ ಒಮ್ಮೆ ನೋಡಬೇಕು. ಸಾಮ್ರಾಜ್ಯದ ಗುರುವಾದವರಿಗೆ ಶಿಷ್ಯರ ಕೈಗೆ ಒಂದೊಂದು ಹಣ್ಣು ಕೊಟ್ಟು, ಅವರು ಮರಳಿ ಬರುವವರೆಗೆ ಕಾಯುವಷ್ಟು ವ್ಯವಧಾನವಿತ್ತು. ಪಂಡಿತರು ಗೊಣಗಿದರೂ ಯೋಗ್ಯನನ್ನು ಯೋಗ್ಯನೆನ್ನುವ ನಿಷ್ಠೆಯೂ ಇತ್ತು.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಅವರು ಯತಿಗಳು, ಹೆಂಡಿರು ಮಕ್ಕಳಿಲ್ಲ, ಸಾಲದ ಬಾಕಿಯಿಲ್ಲ, ಸುತ್ತಲೂ ಶಿಷ್ಯರ ಸಮೂಹ. ಗೃಹಸ್ಥನಿಗೆ ಇದೆಲ್ಲ ಹೊಂದುವುದೆಂತು? ಆಕ್ಷೇಪ ಯುಕ್ತವೇ. ಆದ್ದರಿಂದ ನಮ್ಮ ಧಾರವಾಡದವರೇ ಆದ ಒಬ್ಬ ಗೃಹಸ್ಥರನ್ನು ನೆನೆಯೋಣ.

ಆಲೂರು ವೆಂಕಟರಾಯರು 1880ರಲ್ಲಿ ಹುಟ್ಟಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1903ರಲ್ಲಿ ಬಿ. ಎ., 1905ರಲ್ಲಿ ಎಲ್‌ಎಲ್. ಬಿ. ಪದವಿ ಪಡೆದು ಧಾರವಾಡದಲ್ಲಿ ವಕೀಲಿಗೆ ನಿಂತರು. ಆ ಕಾಲಕ್ಕೆ ವಕೀಲಿಯೆಂದರೆ ಕುಟುಂಬಕ್ಕೆ ಭದ್ರವಾದ ಅಡಿಪಾಯ. ಅದರೊಡನೆಯೇ 1890ರಲ್ಲಿ ಹುಟ್ಟಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘದ ಕೆಲಸ, ಸಂಘದ ವಾಗ್ಭೂಷಣ ಪತ್ರಿಕೆಯ ಸಂಪಾದಕತ್ವ, ಇತಿಹಾಸ ಸಂಶೋಧನೆ, ಕರ್ನಾಟಕ ಏಕೀಕರಣದ ಓಡಾಟ, ಟಿಳಕರ ಗೀತಾರಹಸ್ಯದ ಕನ್ನಡ ಅನುವಾದ. 1917ರಲ್ಲಿ ಕರ್ನಾಟಕ ಗತವೈಭವ ಹೊರಬಂದಿತು. 1922ರಲ್ಲಿ ಜಯಕರ್ನಾಟಕ ಪತ್ರಿಕೆ. ಅದರ ಮುಂದೆ 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆ.

ಇವರ ಕಾರ್ಯಗಳನ್ನು ಪಟ್ಟಿ ಮಾಡಿ ಬೆರಗಾಗುವುದು ಸುಲಭ. ಆದರೆ ಅವರ ಬದುಕಿನ ತಿರುಳು ಇರುವುದು ಅವರು ಬಿಟ್ಟ ಕೆಲಸದಲ್ಲಿ. ಹಣ ತರುತ್ತಿದ್ದ ಒಂದೇ ಕೆಲಸವಾದ ವಕೀಲಿಯನ್ನು ಬಿಟ್ಟರು. ಹಣ ತಿನ್ನುವ ಕೆಲಸಗಳನ್ನು ಉಳಿಸಿಕೊಂಡರು. ಗೃಹಸ್ಥನು ಹೀಗೆ ಮಾಡುವುದು ಎಲ್ಲರಿಗೂ ಯುಕ್ತವೆಂದು ನಾವು ಹೇಳಲಾರೆವು. ಮನೆಯವರ ಮೇಲೆ ಬಿದ್ದ ಭಾರವನ್ನು ಲೆಕ್ಕಕ್ಕೆ ಹಿಡಿಯದೆ ಇಂತಹ ತ್ಯಾಗಗಳನ್ನು ಹೊಗಳುವ ರೂಢಿ ನಮಗೆ ಒಪ್ಪಿಗೆಯಿಲ್ಲ. ಆದರೂ ಅವರ ಆಯ್ಕೆಯಲ್ಲಿ ಗೊಂದಲವಿರಲಿಲ್ಲ. ಯಾವುದಕ್ಕೆ ಸಂಕಲ್ಪ ಮಾಡಿದ್ದರೋ ಅದಕ್ಕೆ ಒದಗದ ಕೆಲಸ ಎಷ್ಟೇ ಲಾಭದ್ದಾದರೂ ಹೋಯಿತು.

ಇನ್ನೊಂದು ಸಂಗತಿ ಈ ಪತ್ರಿಕೆಯ ವಾಚಕರಿಗೆ ವಿಶೇಷವಾಗಿ ಹೇಳತಕ್ಕದ್ದು. ಆಲೂರರು ಮಾಧ್ವ ಮನೆತನದವರು. ಉತ್ತರವಯಸ್ಸಿನಲ್ಲಿ ಗೀತೆಯನ್ನೂ ಮಧ್ವಸಿದ್ಧಾಂತವನ್ನೂ ಕುರಿತು ಗ್ರಂಥಗಳನ್ನು ಬರೆದವರು. ಅವರು 1907ರಷ್ಟು ಮೊದಲೇ ಪ್ರಕಟಿಸಿದ ಗ್ರಂಥವು ವಿದ್ಯಾರಣ್ಯರ ಚರಿತ್ರೆ. ವಿದ್ಯಾರಣ್ಯರು ಅದ್ವೈತಪೀಠದ ಯತಿಗಳು. ನಾಡಿನ ಇತಿಹಾಸದ ಕೆಲಸಕ್ಕೆ ಆ ಗ್ರಂಥ ಬೇಕಾಗಿತ್ತು, ಬರೆದರು. ತಮ್ಮ ಮತವನ್ನು ಬಿಡಲಿಲ್ಲ, ಬಚ್ಚಿಡಲೂ ಇಲ್ಲ. ಪೂರ್ವಪಕ್ಷವನ್ನು ಪೂರ್ಣ ಮರ್ಯಾದೆಯಿಂದ ನಿಲ್ಲಿಸಿದ ಶ್ರೀವ್ಯಾಸರಾಜರ ನೆನಪು ಇಲ್ಲಿ ತಾನೇ ಬರುತ್ತದೆ.

1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ವೃದ್ಧ ವೆಂಕಟರಾಯರು ಹಂಪೆಗೆ ಹೋಗಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಆದರೆ ಒಂದಾದ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. 1964ರ ಫೆಬ್ರವರಿ 25ರಂದು ಅವರು ತೀರಿಕೊಂಡರು. ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು.

ಬಹು ಕಾರ್ಯಗಳನ್ನು ಹಿಡಿದವನಿಗೆ ಕೊನೆಗೆ ಎದುರಾಗುವ ತೊಡಕು ಇದೇ: ಕೆಲವು ಕೆಲಸಗಳು ಮುಗಿಯುವುದಿಲ್ಲ. ಇದರ ಭಯದಿಂದಲೇ ಅನೇಕರು ಕೊನೆಕೊನೆಗೆ ನಿಷ್ಠೆಯನ್ನು ಸಡಿಲಿಸಿ, ಹೇಗಾದರೂ ಮುಗಿಸಿಬಿಡಬೇಕೆಂದು ಅವಸರಪಡುತ್ತಾರೆ. ಗುಡಿಯ ಜೀರ್ಣೋದ್ಧಾರಗಳಲ್ಲಿ ಇದನ್ನು ಕಾಣಬಹುದು. ಹಳೆಯ ಕಣಶಿಲೆಯ ಕಂಬಕ್ಕೆ ಬಣ್ಣ ಬಳಿದು, ನೆಲಕ್ಕೆ ಜಾರುವ ಫರಸಿ ಹಾಸಿ, ಉದ್ಘಾಟನೆಯ ತಾರೀಖಿಗೆ ಮುಗಿಸಿದೆವೆಂದು ಹೆಮ್ಮೆಪಡುವವರಿದ್ದಾರೆ.

ಶ್ರೀವ್ಯಾಸರಾಜರ ತಾತ್ಪರ್ಯಚಂದ್ರಿಕೆಯೂ ಮುಗಿಯಲಿಲ್ಲ. ಬ್ರಹ್ಮಸೂತ್ರಭಾಷ್ಯಕ್ಕೆ ಜಯತೀರ್ಥರು ಬರೆದ ತತ್ತ್ವಪ್ರಕಾಶಿಕೆಯ ಮೇಲಿನ ಈ ವ್ಯಾಖ್ಯಾನ, ನಾಲ್ಕು ಅಧ್ಯಾಯಗಳಲ್ಲಿ ಮೊದಲಿನ ಎರಡಕ್ಕೆ ಮಾತ್ರ ನಡೆದಿದೆ. ಒಂದೊಂದು ಅಧಿಕರಣದಲ್ಲಿ ಇತರ ಭಾಷ್ಯಗಳ ಅಭಿಪ್ರಾಯವನ್ನೆಲ್ಲ ಎತ್ತಿ, ತೂಗಿ, ನಿರ್ಣಯ ಹೇಳುವ ಕ್ರಮ ಅದರದು. ಆ ಕ್ರಮವನ್ನು ಕೈಬಿಟ್ಟು ಸಂಕ್ಷೇಪವಾಗಿ ಬರೆದಿದ್ದರೆ ನಾಲ್ಕೂ ಅಧ್ಯಾಯಗಳು ಮುಗಿದಿರುತ್ತಿದ್ದವು. ಅವರು ಕ್ರಮವನ್ನು ಉಳಿಸಿ ಗ್ರಂಥವನ್ನು ಅರ್ಧಕ್ಕೆ ನಿಲ್ಲಿಸಿದರು. ಸುಮಾರು ಎರಡು ಶತಮಾನಗಳ ಅನಂತರ ಅದೇ ಪೀಠಕ್ಕೆ ಬಂದ ರಘುನಾಥತೀರ್ಥರು ಮಿಕ್ಕ ಭಾಗಕ್ಕೆ ಶೇಷಚಂದ್ರಿಕೆಯನ್ನು ರಚಿಸಿದರು; ಅದರಿಂದಲೇ ಅವರಿಗೆ ಶೇಷಚಂದ್ರಿಕಾಚಾರ್ಯರೆಂದು ಹೆಸರಾಯಿತು.

ಆನೆಗುಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ನವವೃಂದಾವನಗಳ ನಡುವೆ ಶ್ರೀವ್ಯಾಸರಾಜರ ವೃಂದಾವನವಿದೆ. 2019ರ ಜುಲೈ ತಿಂಗಳಲ್ಲಿ ನಿಧಿಯಾಸೆಯ ದುರುಳರು ಒಂದು ರಾತ್ರಿ ಅದನ್ನು ಕಿತ್ತು ಅಗೆದರು. ಗ್ರಾಮಗಳನ್ನು ಪಡೆದು ಹಂಚಿಬಿಟ್ಟವರ ವೃಂದಾವನದಲ್ಲಿ ಹೊನ್ನನ್ನು ಹುಡುಕಿದ ಮೌಢ್ಯಕ್ಕೆ ಏನೆನ್ನಬೇಕು! ಸುದ್ದಿ ತಿಳಿದೊಡನೆ ಬೇರೆ ಬೇರೆ ಮಠಗಳ ಯತಿಗಳೂ ಭಕ್ತರೂ ನದಿಯನ್ನು ದಾಟಿ ಬಂದರು. ಯಾವ ಮಠದವರು, ಯಾರಿಗೆ ಯಾವ ಅಧಿಕಾರ ಎಂಬ ಮಾತು ಹಿಂದೆ ಸರಿಯಿತು. ಕಲ್ಲು ಹೊರುವವರು ಕಲ್ಲು ಹೊತ್ತರು, ಮಂತ್ರ ಹೇಳುವವರು ಮಂತ್ರ ಹೇಳಿದರು. ಒಂದೆರಡು ದಿನಗಳೊಳಗೆ ವೃಂದಾವನ ಮೊದಲಿನ ಸ್ಥಾನದಲ್ಲಿ ಮತ್ತೆ ನಿಂತು, ಅಭಿಷೇಕ ನಡೆಯಿತು.